ಗಣಪತಿಯ ತಲೆಗೆ ಲೇಸರ್ ಪ್ರಭೆ

ಗೋರೆಗಾಂವ್‌ನ ಕನ್ನಡ ಮಿತ್ರಮಂಡಳಿಯು 1974ರ ಚೌತಿಯಂದು ಸಮಸ್ತ ಲೋಕಕ್ಕೆ ತಿಳಿಯಪಡಿಸಿದ್ದೇನೆಂದರೆ, ಈ ಸಲ ಗಣಪತಿಯ ತಲೆಯ ಹಿಂದೆ ಬಣ್ಣದ ಬಲ್ಬಿನ ಸರ ಇರುವುದಿಲ್ಲ.

ಬದಲಿಗೆ ಲೇಸರ್! ಕಳೆದ ವರ್ಷ ಪಕ್ಕದ ಮಲಾಡ್ ಮಂಡಳಿಯವರ ತಿರುಗುವ ಬಲ್ಬಿನ ಚಕ್ರ ನೋಡಲು ಗೋರೆಗಾಂವ್‌ನ ಭಟ್ಟರೇ ಆರತಿ ಮುಗಿಸಿ ಓಡಿದ್ದರು. ಆ ಅವಮಾನ ತೀರಿಸದಿದ್ದರೆ ಹೋಟೆಲ್ ಮಾಲಕ ಸದಾನಂದಣ್ಣನ ಅಧ್ಯಕ್ಷಗಿರಿಗೂ ಗಣಪತಿಯ ಜೊತೆಗೇ ವಿಸರ್ಜನೆ. ಹಾಗಾಗಿ ಅವರು ಪ್ರಯೋಗಾಲಯದ ವಿಜ್ಞಾನಿ ಡಾಕ್ಟರ್ ಗುರಲಿಂಗಪ್ಪನವರಿಗೆ ತಿಂಗಳಿಡೀ ಮಸಾಲೆ ದೋಸೆ ತಿನ್ನಿಸಿ ಒಪ್ಪಿಸಿದ್ದರು. ಸಾಸಿವೆಯಷ್ಟು ಅರೆವಾಹಕದ ಹರಳಿನಿಂದ ಬಳೆಯಂಥ ದುಂಡನೆಯ ಬೆಳಕು ಹೊರಡಿಸುವುದು ಡಾಕ್ಟರರ ಜೀವಮಾನದ ಸಾಧನೆ.

ಸಂಜೆ ಪೆಂಡಾಲ್ ತುಂಬಿತು. ಎಲ್ಲ ಬಲ್ಬುಗಳನ್ನು ಆರಿಸಿದರು. ಡಾಕ್ಟರು ಗುಂಡಿ ಒತ್ತಿದರು. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

"ಎಂತ ಡಾಕ್ಟ್ರೇ, ಬೆಳಕು ಎಲ್ಲಿ ಮಾರಾಯ್ರೆ?" ಎಂದರು ಸದಾನಂದಣ್ಣ.

"ಬಂದೈತ್ರಿ! ಬೆಳಕ ಅಳಿಯೂ ಮೀಟರಿನ ಮುಳ್ಳು ಹೆಂಗ ಕುಣ್ಯಾಕತ್ತೈತಿ ನೋಡ್ರಿ! ಗಣಪ್ಪನ ತಲಿ ಸುತ್ತ ಭಾಳ ಚಂದ ಬಳಿ ಆಗೇತಿ."

"ನಮಗೆ ಕಾಣುದಿಲ್ಲ ಅಲ್ವಾ!"

"ಇದು ಇನ್‌ಫ್ರಾರೆಡ್ ರೀ, ಕೆಂಪಿಗಿಂತ ಆಚೀ ಕಡೀದು. ಮನಷ್ಯಾರ ಕಣ್ಣಿಗೆ ಕಾಣಂಗಿಲ್ಲ."

"ಅಯ್ಯೋ, ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನೀವು ಬೆಳಕ ಬೇಕಂದ್ರಿ. ಕಾಣೂ ಬೆಳಕ ಬೇಕಂದಿದ್ರೇನು?"

ಜನ ಕತ್ತಲಲ್ಲೇ ಚಪ್ಪಲಿ ತಡಕತೊಡಗಿದರು. ಮಲಾಡ್ ಕಡೆಯ ಲೋಕಲ್ ರೈಲು ಬರುವ ಹೊತ್ತಾಗಿತ್ತು. ಎಲ್ಲರಿಗಿಂತ ಮೊದಲು ಚಪ್ಪಲಿ ಸಿಕ್ಕಿದ್ದು ಭಟ್ಟರಿಗೆ.