ಮೇಷ್ಟರು ತೋರಿಸಿದ ಶನಿ

"ಲೋ ಸ್ಪ್ಯಾನರ್, ಆ ಗ್ರೀಸ್ ಕೈಲಿ ಟೆಲಿಸ್ಕೋಪ್ ಮುಟ್ಟಬೇಡ. ಒಂಬತ್ತನೇ ಕ್ಲಾಸಲ್ಲೇ ಪಾಟಿಚೀಲ ಎಸೆದೋನಿಗೆ ಗ್ರಹ, ನಕ್ಷತ್ರ ಎಲ್ಲ ಯಾಕೆ? ಹೋಗಿ ಕುರ್ಚಿ ತಗೊಂಡ್ ಬಾ."

ಮೆಕ್ಯಾನಿಕ್ ಭಾಮೈದನನ್ನು ಅಡ್ಡಹೆಸರು ಹಿಡಿದು ಕರೆದು, ವಿಜ್ಞಾನದ ಮೇಷ್ಟರಾದ ಭಾವ ಹೀಗಂದದ್ದು ಹಿತ್ತಲಲ್ಲಿ, ತನ್ನ ಶಾಲೆಯ ಹೆಡ್ ಮೇಡಂ ಮತ್ತು ಇನ್ನೂ ಮೂವರು ಮೇಷ್ಟರ ಎದುರು. ಆ ಮೂವರೂ ಕಿಸಕ್ಕೆಂದರು. ಸ್ಪ್ಯಾನರ್ ಕುರ್ಚಿ ತಂದ.

ಆ ಟೆಲಿಸ್ಕೋಪಿನಲ್ಲಿ ಭಾವನ ಬೆವರು ಒಂದು ಹನಿಯೂ ಇರಲಿಲ್ಲ. ಗ್ಯಾರೇಜಿನ ಕೆಲಸ ಮುಗಿಸಿ ಬಂದು, ಎಂಟು ತಿಂಗಳು ಎಣ್ಣೆ ಡ್ರಮ್ಮಿನ ಸುತ್ತ ಗಾಣದೆತ್ತಿನಂತೆ ಸುತ್ತುತ್ತ, ಅದರ ಮೇಲಿಟ್ಟ ಗಾಜಿಗೆ ಇನ್ನೊಂದು ಗಾಜು ಉಜ್ಜಿ ಟೆಲಿಸ್ಕೋಪಿನ ಕನ್ನಡಿ ತಿದ್ದಿದವನು ಸ್ಪ್ಯಾನರ್. ಅಕ್ಕ ಬೆಳಿಗ್ಗೆಯೇ ಗಂಡನಿಂದ ಭಾಷೆ ತೆಗೆದುಕೊಂಡಿದ್ದಳು: ಬಂದವರ ಮುಂದೆ, ಇದನ್ನು ಮಾಡಿದ್ದು ನನ್ನ ಭಾಮೈದ ಎಂದು ಒಂದು ಸಲ ಹೇಳಬೇಕು. ಅಷ್ಟೇ. ಆ ಒಂದು ಮಾತಿಗಾಗಿ ಅವನು ಉಗುರು ಸಂದಿಯ ಕರಿಯನ್ನೆಲ್ಲ ಸೀಮೆಎಣ್ಣೆ ಹಾಕಿ ತಿಕ್ಕಿ, ಇಸ್ತ್ರಿ ಅಂಗಿ ತೊಟ್ಟಿದ್ದ.

ವಿಪರೀತ ಸೆಖೆ. ಆಕಾಶ ಮಾತ್ರ ತೊಳೆದಿಟ್ಟ ಹಾಗಿತ್ತು. ಭಾವ ಕಣ್ಣಿಗೆ ಬಿದ್ದ ಹೊಳೆಯುವ ಚುಕ್ಕಿಯ ಕಡೆ ಕೊಳವೆ ತಿರುಗಿಸಿ, ಫೋಕಸ್ ತಿರುಪನ್ನು ನಲ್ಲಿ ತಿರುವಿದ ಹಾಗೆ ತಿರುವಿ, ಶನಿ ಸಿಕ್ಕ, ಬಳೆ ನೋಡಿ ಬಳೆ, ಎಂದು ಎಲ್ಲರನ್ನೂ ಕರೆದ. ಒಬ್ಬೊಬ್ಬರೇ ಬಗ್ಗಿ ನೋಡಿ ತಲೆದೂಗಿದರು.

ಸ್ಪ್ಯಾನರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಶನಿ ಇದ್ದದ್ದು ಅವರ ಬೆನ್ನ ಹಿಂದೆ, ನೀರಿನ ಟ್ಯಾಂಕಿನ ಮೇಲ್ಗಡೆ. ಇವರು ನೋಡುತ್ತಿದ್ದುದು ಬರೀ ಒಂದು ನಕ್ಷತ್ರ. ಫೋಕಸ್ ತಪ್ಪಿದರೆ ಯಾವ ನಕ್ಷತ್ರವಾದರೂ ಊದಿಕೊಳ್ಳುತ್ತದೆ. ಕೊಳವೆಯೊಳಗಿನ ಚಿಕ್ಕ ಕನ್ನಡಿಯ ನೆರಳು ನಡುವೆ ಬಿದ್ದು ವಾಷರಿನ ಹಾಗೆ ಕಾಣುತ್ತದೆ. ಮಕ್ಕಳಿಗೆ ವಿಜ್ಞಾನ ಹೇಳುವವನಿಗೆ ವಾಷರೂ ಒಂದೇ, ಶನಿಯೂ ಒಂದೇ.

ಹೆಡ್ ಮೇಡಂ ಮಾತ್ರ ಎರಡನೇ ಸಲ ಬಗ್ಗಿದರು. "ಬಳೆಯೇನೋ ಇದೆ ಸಾರ್. ಒಳಗಿನ ಗ್ರಹ ಎಲ್ಲಿ?"

ಭಾವ ಆಕಾಶದ ಕಡೆ ನೋಡಿದ. ಇವತ್ತು ಧೂಳು ಜಾಸ್ತಿ ಎಂದ. ಆಮೇಲೆ, ಭಾಮೈದ ಏನೋ ಕೈಯಾಡಿಸಿ ಕೆಡಿಸಿರಬೇಕು ಎಂದ.

ಇನ್ನು ತಡೆಯಲಾಗಲಿಲ್ಲ. ಸ್ಪ್ಯಾನರ್ ಬಂದು, ಮೇಡಂ ಕಣ್ಣಿಟ್ಟಿದ್ದಂತೆಯೇ, ತಿರುಪನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದ. ಬಳೆ ಕುಗ್ಗಿ ಕುಗ್ಗಿ ಸೂಜಿಮೊನೆಯಷ್ಟು ಚುಕ್ಕಿಯಾಯಿತು. ಆಮೇಲೆ ಕೊಳವೆಯನ್ನು ಟ್ಯಾಂಕಿನ ಕಡೆ ಹೊರಳಿಸಿ, ಗುರಿ ಹಿಡಿದು, ಪಕ್ಕಕ್ಕೆ ಸರಿದ.

ಮೇಡಂ ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಪುಟ್ಟ ಗುಂಡು, ಸುತ್ತ ಬಳೆ, ಎರಡರ ನಡುವೆ ಎಳೆಯಷ್ಟು ಕತ್ತಲು. ಕೊನೆಗೆ ತಲೆ ಎತ್ತಿ ಅವನನ್ನೇ ಕೇಳಿದರು. "ಯಾರಪ್ಪ ಇದನ್ನ ಮಾಡಿದ್ದು?"

ಅವನು ಭಾವನ ಮುಖ ನೋಡಿದ. ಅಡುಗೆಮನೆ ಬಾಗಿಲಲ್ಲಿದ್ದ ಅಕ್ಕನೂ ನೋಡಿದಳು.

ಭಾವ ಅವನ ಹೆಗಲ ಮೇಲೆ ಕೈ ಹಾಕಿದ. "ನಾವೇ ಮೇಡಂ, ಮನೇಲೇ. ನಾನು ಹೇಳ್ಕೊಟ್ಟ ಹಾಗೆ ಇವನು ಉಜ್ಜಿದ. ಅಲ್ವೇನೋ?"

ಸ್ಪ್ಯಾನರ್ ಆ ಕೈಯನ್ನು ಹೆಗಲಿಂದ ಇಳಿಸಿದ. ಕುರ್ಚಿಗಳನ್ನು ದಾಟಿ, ಅಕ್ಕನನ್ನು ದಾಟಿ, ಮನೆಯೊಳಗಿಂದ ಹಾದು ರಸ್ತೆಗಿಳಿದ. ಹಿತ್ತಲಿಂದ ಮೇಷ್ಟರೊಬ್ಬರು, ಶನಿ ಕೊಳವೆಯಿಂದ ಜಾರಿಹೋಯ್ತಲ್ಲಪ್ಪ, ಬಂದು ಸ್ವಲ್ಪ ಹಿಡಿದುಕೊಡು ಎಂದು ಕೂಗುತ್ತಿದ್ದರು. ಅವನು ಆಗಲೇ ಎರಡನೇ ಬೀದಿದೀಪ ದಾಟಿದ್ದ.