ಅತ್ತೆ ರುಚಿ ನೋಡಿದ ಬಿಸ್ಕತ್ತು

ನಮ್ಮ ಅತ್ತೆಯದು ಒಂದು ಹಟ. ತಾವು ಬಾಯಿಗಿಟ್ಟು ನೋಡದ ಬಿಸ್ಕತ್ತನ್ನು ಯಾವ ನಾಯಿಗೂ ಕೊಡುವುದಿಲ್ಲ. ಓವನ್ನಿನಿಂದ ತಟ್ಟೆ ಹೊರಬಂದ ಕೂಡಲೇ ಒಂದನ್ನು ಮುರಿದು, ಕಣ್ಣು ಮುಚ್ಚಿ ಅಗಿದು, "ನನಗೆ ಸೇರಿದ್ದು ನಾಯಿಗೂ ಸೇರುತ್ತೆ" ಎನ್ನುತ್ತಾರೆ. ಉಳಿದ ತುಂಡು ನಮ್ಮ ಸೋಮಾರಿಗೆ. ಸೋಮಾರಿ ಎಂದರೆ ನಮ್ಮ ನಾಯಿ. ನನ್ನ ಗಂಡನನ್ನೂ ಅತ್ತೆ ಆಗಾಗ ಹಾಗೇ ಕರೆಯುವುದರಿಂದ ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ತಿರುಗಿ ನೋಡುವುದುಂಟು.

ಈ ಕೆಲಸ ಶುರುವಾದದ್ದೇ ಸೋಮಾರಿಯಿಂದ. ಅಂಗಡಿಯ ತಿಂಡಿ ತಿಂದು ಮೈಯೆಲ್ಲ ಕೆರೆದುಕೊಂಡು ಅವನು ಬೋಳಾಗತೊಡಗಿದಾಗ ಅತ್ತೆ ಟೊಂಕ ಕಟ್ಟಿ ನಿಂತರು. ಓಟ್ಸ್ ಹಿಟ್ಟು, ಬೇಯಿಸಿದ ಕುಂಬಳ, ತುರಿದ ಕ್ಯಾರೆಟ್, ಹುರಿದು ರುಬ್ಬಿದ ಕಡಲೆಕಾಯಿ ಬೀಜ. ಉಪ್ಪಿಲ್ಲ, ಸಕ್ಕರೆಯಿಲ್ಲ. ನಾದುವುದು ಅತ್ತೆ, ಲಟ್ಟಿಸಿ ಕತ್ತರಿಸಿ ಬೇಯಿಸುವುದು ನಾನು. ಬೀದಿಯಲ್ಲಿ ನಾಯಿ ಸಾಕಿದವರೆಲ್ಲ ಕೇಳಿ ಒಯ್ಯತೊಡಗಿದರು; ಟೈಲರ್ ಅಂತೂ ತಮ್ಮ ನಾಯಿ ಬಟನ್‌ಗೆಂದು ಮೊದಲೇ ಹೇಳಿಡುತ್ತಿದ್ದರು. ಎಲ್ಲ ಅತ್ತೆಯ ಕೈಗುಣ ಎಂದರು. ಲಟ್ಟಿಸುವ ಕೈಗೆ ಗುಣವೇ ಇಲ್ಲವೇನೋ ಎಂದು ನಾನು ಗೊಣಗುತ್ತಿದ್ದೆ, ಅದು ಬೇರೆ ಮಾತು.

ಆ ದಿನ ಮಿಕ್ಸಿ ಕೈಕೊಟ್ಟಿತು. ನಾನು ಮಹಡಿಯಲ್ಲಿ ಬಟ್ಟೆ ಒಣಹಾಕಿ ಕೆಳಗೆ ಬರುವಷ್ಟರಲ್ಲಿ ಹಿಟ್ಟು ನಾದಿ ಮುಗಿದಿತ್ತು. ಹೇಗೆ ರುಬ್ಬಿದರು, ಏನು ಕಥೆ ಎಂದು ಕೇಳುವ ಗೋಜಿಗೆ ಹೋಗದೆ ನನ್ನ ಪಾಲಿನ ಕೆಲಸ ಮುಗಿಸಿದೆ. ಅತ್ತೆ ರುಚಿ ನೋಡಿ, "ಇವತ್ತಿಂದು ಎಲ್ಲಕ್ಕಿಂತ ಚೆನ್ನಾಗಿದೆ ಕಣೆ" ಎಂದರು. ಸೋಮಾರಿಯೂ ಒಂದಕ್ಕೆ ನಿಲ್ಲಿಸಲಿಲ್ಲ. ಬಿಸಿ ಆರಿದ ಮೇಲೆ ಪೊಟ್ಟಣ ಕಟ್ಟಿಕೊಂಡು ಅತ್ತೆಯೇ ಮನೆಮನೆಗೆ ಕೊಟ್ಟು ಬಂದರು.

ಅವರು ಬಂದು ಕೂತ ಸ್ವಲ್ಪ ಹೊತ್ತಿಗೆ ಸೋಮಾರಿ ವಾಂತಿ ಮಾಡಿಕೊಂಡ. ಎದ್ದು ನಿಲ್ಲಲು ಹೋಗಿ ಕುಡಿದವನಂತೆ ತೂರಾಡಿ ಗೋಡೆಗೆ ಒರಗಿದ. ಅವನನ್ನು ಎತ್ತಿ ಕಾರಿಗೆ ಹಾಕಿಕೊಂಡು ನಾಯಿ ಆಸ್ಪತ್ರೆಗೆ ಓಡಿದೆ.

"ಏನು ತಿಂದಿದಾನೆ?" ಎಂದರು ಡಾಕ್ಟರಮ್ಮ.

"ನಮ್ಮನೇಲಿ ಮಾಡಿದ ಬಿಸ್ಕತ್ತು, ಅಷ್ಟೇ" ಎಂದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ಅದಕ್ಕೆ ಏನೇನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳಿದರು. ನಾದಿದವರು ಅತ್ತೆಯಾದ್ದರಿಂದ ಅವರಿಗೇ ಫೋನ್ ಮಾಡಿದೆ.

"ಮಿಕ್ಸಿ ಕೆಟ್ಟಿತ್ತಲ್ಲ, ನನ್ನ ಬಾಟಲಿ ಪೀನಟ್ ಬಟರ್ ಹಾಕ್ದೆ" ಎಂದರು ಅತ್ತೆ. "ಸಕ್ಕರೆ ಇಲ್ದೇ ಇರೋದು. ನನ್ನ ಶುಗರ್‌ಗೆ ಅಂತ ನೀನೇ ತಂದಿದ್ಯಲ್ಲ. ನನಗೆ ಒಳ್ಳೇದು ಅಂದ್ಮೇಲೆ ಅವಕ್ಕೂ ಒಳ್ಳೇದೇ ತಾನೆ?"

ನಾನು ಅದನ್ನೇ ಹೇಳಿದಾಗ ಡಾಕ್ಟರಮ್ಮನ ಮುಖ ಬಿಗಿಯಾಯಿತು. "ಬಾಟಲಿ ಮೇಲಿನ ಚೀಟಿ ಓದೋಕೆ ಹೇಳಿ. ಝೈಲಿಟಾಲ್ ಅಂತ ಇದೆಯಾ?"

ಅತ್ತೆ ಕನ್ನಡಕ ಹುಡುಕಿ, ತಡವರಿಸುತ್ತ ಓದಿದರು. ಇತ್ತು.

"ಸಕ್ಕರೆ ಬದಲಿಗೆ ಹಾಕೋದು ಅದು. ನಮಗೇನೂ ಮಾಡಲ್ಲ, ನಾಯಿಗೆ ವಿಷ. ಬೇರೆ ಯಾರಿಗಾದ್ರೂ ಕೊಟ್ಟಿದ್ರೆ ಈಗಲೇ ವಿಷಯ ಹೇಳಿ. ತಿಂದಿರೋ ನಾಯಿ ಚೆನ್ನಾಗೇ ಕಾಣ್ತಿದ್ರೂ ಕರ್ಕೊಂಡು ಬರ್ಲಿ" ಎಂದರು ಡಾಕ್ಟರಮ್ಮ.

ಇದನ್ನು ಅಕ್ಷರಕ್ಕಕ್ಷರ ಅತ್ತೆಗೆ ಹೇಳಿದೆ. "ಎಲ್ರಿಗೂ ಫೋನ್ ಮಾಡ್ತೀನಿ" ಎಂದರು.

ಸೋಮಾರಿಗೆ ಡ್ರಿಪ್ ಏರಿಸಿದರು. ಅವನು ತಲೆಯೆತ್ತಿ ನನ್ನ ಕೈ ನೆಕ್ಕಿದಾಗ ಹೋದ ಜೀವ ಬಂದಂತಾಯಿತು. ಡಾಕ್ಟರಮ್ಮ ಬಾಟಲಿಯನ್ನು ತಾವೇ ನೋಡಬೇಕೆಂದರು. ಅದನ್ನು ತರಲು ಮನೆಗೆ ಬಂದೆ.

ಅತ್ತೆ ತೊಳೆದ ತಟ್ಟೆಯನ್ನೇ ಮತ್ತೆ ತಿಕ್ಕುತ್ತಿದ್ದರು.

"ಹೇಳಿದ್ರಾ?"

"ಹೇಳ್ದೆ. ಮಿಕ್ಕವರು ಇನ್ನೂ ಪೊಟ್ಟಣ ಬಿಚ್ಚೇ ಇರ್ಲಿಲ್ಲ, ಎಸೀತೀವಿ ಅಂದ್ರು. ಟೈಲರ್ ಮಾತ್ರ ಬಟನ್‌ಗೆ ಆಗ್ಲೇ ತಿನ್ಸಿದ್ರು."

"ಆಸ್ಪತ್ರೆಗೆ ಹೊರಟ್ರಾ?"

ಅತ್ತೆ ನಲ್ಲಿ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ಅತ್ತೆ, ಅವರಿಗೆ ಏನಂತ ಹೇಳಿದ್ರಿ?"

"ಸೀದುಹೋಗಿದೆ, ಹಾಕ್ಬೇಡಿ ಅಂದೆ. ಆಗ್ಲೇ ತಿಂದ, ಸೀದ ವಾಸನೆ ಏನೂ ಇರ್ಲಿಲ್ಲ ಅಂದ್ರು. ಹಾಗಾದ್ರೆ ಪರವಾಗಿಲ್ಲ ಬಿಡಿ ಅಂದೆ." ಅತ್ತೆ ತಟ್ಟೆ ಕೆಳಗಿಟ್ಟರು. "ನನ್ನ ಕೈಯಾರೆ ವಿಷ ಹಾಕ್ದೆ ಅಂತ ನನ್ನ ಬಾಯಲ್ಲೇ ಹೇಗೆ ಹೇಳ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಕೈಗುಣದ ಮರ್ಯಾದೆಗೋಸ್ಕರ ಆ ಮೂಕಪ್ರಾಣಿ ಸಾಯ್ಬೇಕಾ?" ಎಂದು ಕಿರುಚಿದೆ. ಅತ್ತೆಯ ಎದುರು ನಾನು ಹಾಗೆ ದನಿಯೆತ್ತಿದ್ದು ಅದೇ ಮೊದಲು. ಅವರು ಬಾಟಲಿ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಹೊರಟರು.

ಟೈಲರ್ ಒಂಟಿ ಮನುಷ್ಯ. ಬಟನ್ ಮರಿಯಾಗಿದ್ದಾಗ ಅಂಗಡಿ ಬಾಗಿಲಲ್ಲಿ ಸಿಕ್ಕಿದ್ದ. ಅಂದಿನಿಂದ ಅವರ ಮಾತುಕತೆಯೆಲ್ಲ ಅವನೊಂದಿಗೇ. ಅಳತೆ ಸರಿಯೋ ತಪ್ಪೋ ಎಂದು ಅವನನ್ನೇ ಕೇಳುತ್ತಿದ್ದರು. ನಾವು ಹೋದಾಗ ಹೊಲಿಗೆ ಮೆಷಿನ್ ನಿಂತಿತ್ತು. ಟೈಲರ್ ಬಾಗಿಲ ಬೆಳಕಿನಲ್ಲಿ ಕೂತು ಒಂದು ಕೋಟಿನ ಅಂಚನ್ನು ಸೂಜಿಯಲ್ಲಿ ಹೊಲಿಯುತ್ತಿದ್ದರು. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ. ಈಗಷ್ಟೇ ಮಲಗಿದಾನೆ. ಮೆಷಿನ್ ಸದ್ದಿಗೆ ಎದ್ದುಬಿಡ್ತಾನೆ ಅಂತ ಕೈಯಲ್ಲೇ ಹೊಲೀತಿದೀನಿ."

ಬಟನ್ ಮೇಜಿನ ಕೆಳಗೆ ಬಿದ್ದಿದ್ದ. ಕಾಲುಗಳು ಅದುರುತ್ತಿದ್ದವು.

"ಕನಸು ಕಾಣ್ತಿದಾನೆ" ಎಂದು ಟೈಲರ್ ನಕ್ಕರು.

ನಾನು ಹೆಚ್ಚು ಮಾತಾಡಲಿಲ್ಲ. ನಾಯಿಗೆ ಹುಷಾರಿಲ್ಲ, ತಕ್ಷಣ ಹೊರಡಬೇಕು ಎಂದೆ. ಅವರ ಕೈಯಿಂದ ಕೋಟು ನೆಲಕ್ಕೆ ಬಿತ್ತು. ದಾರಿಯುದ್ದಕ್ಕೂ ಬಟನ್‌ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಏಳೋ ಕಂದ, ಏಳೋ" ಎನ್ನುತ್ತಲೇ ಇದ್ದರು. ಮುಂದಿನ ಸೀಟಿನಲ್ಲಿದ್ದ ಅತ್ತೆ ಆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು.

ಡಾಕ್ಟರಮ್ಮ ಬಟನ್‌ನನ್ನು ಒಳಗೆ ಒಯ್ದರು. ನಾವು ಮೂವರೂ ಬೆಂಚಿನಲ್ಲಿ ಕೂತೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ಟೈಲರೇ ಸಮಾಧಾನ ಹೇಳತೊಡಗಿದರು.

"ನೀವು ಯಾಕಕ್ಕಾ ಇಷ್ಟು ನೊಂದ್ಕೋತೀರಿ? ಸೀದ ಬಿಸ್ಕತ್ತಿಂದ ಯಾರಿಗಾದ್ರೂ ಹೀಗಾಗುತ್ತಾ? ಬೀದೀಲಿ ಏನೋ ತಿಂದಿರ್ತಾನೆ. ಪಾಪ, ನೀವು ಫೋನ್ ಬೇರೆ ಮಾಡಿದ್ರಿ."

ಅತ್ತೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಸತ್ಯ ಹೇಳಲಿಲ್ಲವೆಂದು ಹಾರಾಡಿದವಳಿಗೆ ಈಗ ಇವರು ಹೇಳದಿದ್ದರೆ ಸಾಕಪ್ಪ ಅನ್ನಿಸುತ್ತಿತ್ತು.

"ಸೀದಿರ್ಲಿಲ್ಲ" ಎಂದರು ಅತ್ತೆ. ಬಾಟಲಿಯ ವಿಷಯ ಹೇಳಿದರು, ಸೋಮಾರಿಯ ವಿಷಯ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ.

ಟೈಲರ್ ಎಲ್ಲವನ್ನೂ ಕೇಳಿದರು. "ಗೊತ್ತಿಲ್ದೆ ಆದದ್ದು ಅಕ್ಕಾ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. "ಫೋನ್ ಮಾಡಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಎದ್ದುಹೋಗಿ ಎದುರು ಬೆಂಚಿನಲ್ಲಿ ಕೂತು, ಬೆರಳಿಗೆ ಅಂಟಿದ್ದ ದಾರದ ಎಳೆಯೊಂದನ್ನು ಬಿಡಿಸಿಕೊಳ್ಳತೊಡಗಿದರು.

ಡಾಕ್ಟರಮ್ಮ ಹೊರಗೆ ಬಂದರು. "ಉಸಿರಾಡ್ತಿದಾನೆ. ಲಿವರ್ ಏನಾಗುತ್ತೋ ನಾಳೆವರೆಗೆ ಹೇಳೋಕಾಗಲ್ಲ. ಇನ್ನೊಂದು ಗಂಟೆ ಮುಂಚೆ ತಂದಿದ್ರೆ..." ಎಂದವರು ನಮ್ಮ ಮುಖಗಳನ್ನು ನೋಡಿ ಮಾತು ಬದಲಿಸಿದರು. "ಒಬ್ಬೊಬ್ಬರಾಗಿ ಬಂದು ನೋಡಬಹುದು."

ಟೈಲರ್ ಎದ್ದರು. ಅತ್ತೆಯೂ ಎದ್ದು ಅವರ ಹಿಂದೆ ಎರಡು ಹೆಜ್ಜೆ ಇಟ್ಟರು. ಬಾಗಿಲಿಗೆ ಕೈಯಿಟ್ಟಿದ್ದ ಟೈಲರ್ ತಿರುಗಿ ನೋಡದೆಯೇ, "ನೀವು ಬರ್ಬೇಡಿ" ಎಂದರು. ಅಕ್ಕಾ ಎನ್ನಲಿಲ್ಲ.

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಅಲ್ಲೇ ನಿಂತಿದ್ದರು. ನಾನು ಹೋಗಿ ಕೈಹಿಡಿದು ಕರೆತಂದು ಕೂರಿಸಿದೆ.