ಬಗ್ಗದ ಮೊಣಕಾಲು

ರಾತ್ರಿ ಗದ್ದೆಗೆ ನೀರು ತಿರುಗಿಸಲು ಅಂಜನಾಪುರದ ಕಾಲುವೆಗೆ ಹೋದ ಶಿವಮೂರ್ತಪ್ಪ ಬದುವಿನ ಮೇಲೆಯೇ ಸತ್ತು ಬಿದ್ದಿದ್ದ. ಬೆಳಗ್ಗೆ ಕಂಡವರು ಮನೆಗೆ ಹೊತ್ತು ತರುವಷ್ಟರಲ್ಲಿ ಮೈ ದಿಮ್ಮಿಯಂತೆ ಸೆಟೆದುಹೋಗಿತ್ತು. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಮನೆತನ ಅದು. ಜೀವ ಹೋದ ಕೂಡಲೇ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ಎಡ ಅಂಗೈಯಲ್ಲಿ ಲಿಂಗ ಇಡಬೇಕು. ಇವನ ಕಾಲೂ ಮಡಿಚಲಿಲ್ಲ, ಮುಷ್ಟಿಯೂ ಬಿಚ್ಚಲಿಲ್ಲ.

ಅಣ್ಣ ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲಿನ ಮೇಲೆ ಭಾರ ಹಾಕಲು ಬಂದ. ಯಾರದೋ ಮನೆಯಲ್ಲಿ ಹಾಗೆ ಮಾಡಿದಾಗ ಎದ್ದ ಸದ್ದು ಸತ್ತವನ ಹೆಂಡತಿ ವೀರಮ್ಮನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವಳು ಗಂಡನ ಕಾಲು ತಬ್ಬಿ ಕೂತಳು.

"ಮುರೀಬ್ಯಾಡ್ರಿ ಭಾವ."

"ಇದ್ದಾಗ ನನ್ನ ಮಾತಿಗೆ ಬಗ್ಗಲಿಲ್ಲ, ಈಗ್ಲೂ ಬಗ್ಗಲ್ಲ ಅಂತಾನಲ್ಲವ್ವಾ" ಎಂದ ಪಂಚಾಕ್ಷರಪ್ಪ. ಅವನ ಕಣ್ಣುಗಳು ಕೆಂಪಾಗಿದ್ದವು.

ಮಧ್ಯಾಹ್ನದ ಬಸ್ಸಿಗೆ ಸೊರಬದಿಂದ ವೀರಮ್ಮನ ತಮ್ಮ ಪರಮಶಿವಪ್ಪ ಬಂದ. ಅಲ್ಲಿ ಅವನು ಕಾಂಪೌಂಡರು. ಬಿಸಿ ಎಣ್ಣೆ ತಿಕ್ಕಿದರೆ ಬಿಟ್ಟೀತೇ ಎಂದು ಅವಳು ಕೇಳಿದಳು. ಗಂಡನ ಮೀನಖಂಡ ಹಿಡಿದುಕೊಂಡಾಗಲೆಲ್ಲ ಹಾಗೇ ಬಿಡಿಸಿದವಳು ಅವಳು. ತಮ್ಮ ತಲೆಯಾಡಿಸಿ, ತನ್ನ ತೋಳನ್ನೇ ಮಡಿಸಿ ತೋರಿಸಿದ. ಮೂಳೆ ತಾನಾಗಿ ಆಡುವುದಿಲ್ಲ. ಮಾಂಸಖಂಡ ಸೆಳೆದುಕೊಂಡು ಗಿಡ್ಡವಾದರೆ ಅದರ ಹಿಂದೆ ಮೂಳೆ ಬರುತ್ತದೆ. ಒಳಗಿನ ಎಳೆಗಳು ಒಂದನ್ನೊಂದು ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ.

"ಹಿಡಿಯೋಕಷ್ಟೇ ಅಲ್ಲಕ್ಕಾ, ಬಿಡೋಕೂ ಮೈಯಾಗೆ ಕಸುವು ಬೇಕು. ಉಸಿರು ನಿಂತ ಮ್ಯಾಲೆ ಅದೆಲ್ಲಿಂದ ಬರಬೇಕು?"

"ಹಂಗಾರೆ ಬಿಡೋದೇ ಇಲ್ಲೇನು?"

ಪರಮಶಿವಪ್ಪ ನೆಲ ನೋಡಿದ. "ಬಿಡ್ತದೆ. ಕೊಳೆಯಾಕೆ ಹತ್ತಿದಾಗ."

ಕಾಯುತ್ತೇನೆ ಎಂದಳು ವೀರಮ್ಮ. ಹೆಣ ಎತ್ತುವ ತನಕ ಓಣಿಯಲ್ಲಿ ಯಾರೂ ಒಲೆ ಹಚ್ಚುವ ಹಾಗಿರಲಿಲ್ಲ. ಮಕ್ಕಳು ಹಸಿದು ಅಳುತ್ತಿವೆ ಎಂದು ನೆರೆಯವರು ಬಾಗಿಲಿಗೇ ಬಂದು ಅಂದುಹೋದರು. ಅವಳು ಕದಲಲಿಲ್ಲ.

ಮರುದಿನ ಬಿಸಿಲೇರಿದಾಗ ಮೊದಲು ದವಡೆ ಜೋತುಬಿತ್ತು, ಆಮೇಲೆ ತೋಳು. ಮುಷ್ಟಿ ಬಿಚ್ಚಿತು, ಒಳಗೆ ಬದುವಿನ ಕೆಸರು ಒಣಗಿತ್ತು. ಆ ಹೊತ್ತಿಗೆ ವಾಸನೆ ಅಂಗಳ ದಾಟಿತ್ತು. ವೀರಮ್ಮ ಮೊಣಕಾಲಿನ ಹಿಂದೆ ಕೈಕೊಟ್ಟು ಎತ್ತಿದಳು. ಸದ್ದಿಲ್ಲದೆ ಮಡಿಚಿತು.

ಆದರೆ ಈಗ ಕುತ್ತಿಗೆ ನಿಲ್ಲಲಿಲ್ಲ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಉಸಿರು ಬಿಗಿಹಿಡಿದು ಲಿಂಗ ಇಡುವ ತನಕ ಅವಳೇ ಗಂಡನ ತಲೆಯನ್ನು ಎದೆಗೆ ಆನಿಸಿಕೊಂಡಿದ್ದಳು. ಹೊರುವವರು ಅಂಗಳದಲ್ಲೇ ನಿಂತರು, ಯಾರೂ ಹೊಸ್ತಿಲು ದಾಟಲಿಲ್ಲ. ಕಡೆಗೆ ಪಂಚಾಕ್ಷರಪ್ಪ ಮುಖ ತಿರುಗಿಸಿಕೊಂಡೇ ಒಳಗೆ ಬಂದು ತಮ್ಮನ ಒಂದು ತೋಳು ಹಿಡಿದ. ಇನ್ನೊಂದನ್ನು ವೀರಮ್ಮ ಹಿಡಿದಳು.